ಆಟದ ಟ್ಯಾಂಕಿಗೆ ಕೆಸರೇಕೆ?

ಕಳೆದ ವರ್ಷ ನಮ್ಮ ಶಾಲೆಯ ಕೈಗೆಲಸದ ಪ್ರದರ್ಶನದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಪ್ಯಾಟನ್ ಟ್ಯಾಂಕಿನ ಮಾದರಿಯೊಂದನ್ನು ಇಟ್ಟಿದ್ದನು. ಅದರ ಬುಡವೆಲ್ಲ ಒಣಗಿದ ಕೆಸರು. “ಇಷ್ಟು ಅಂದವಾಗಿ ಜೋಡಿಸಿ ಕಡೆಗೆ ಕೊಳೆ ಮಾಡಿಬಿಟ್ಟೆಯಲ್ಲ!” ಎಂದು ಆಕ್ಷೇಪಿಸಿ ನಾನು ಅಂಕಗಳನ್ನು ಕಳೆದೆನು. ಅವನು ವಿನಯದಿಂದ, “ಇದು ಖೇಮಕರಣದ ಟ್ಯಾಂಕು, ಗುರುಗಳೇ” ಎಂದಷ್ಟೇ ಹೇಳಿದನು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಅನಂತರ ಓದಿ ತಿಳಿದಾಗ.

1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣದ ಸಮೀಪ, ಅಸಲ್ ಉತ್ತರ್ ಎಂಬ ಹಳ್ಳಿಯ ಬಳಿ, ನಮ್ಮ ಸೈನ್ಯವು ಹೊಲಗಳಿಗೆ ನೀರು ಹರಿಸಿತ್ತು. ಸುಮಾರು 45 ಟನ್ ತೂಕದ ಪ್ಯಾಟನ್ನುಗಳು ಕಬ್ಬಿನ ಗದ್ದೆಯ ಹಸಿಮಣ್ಣಿನಲ್ಲಿ ಹೂತುಕೊಂಡವು. ಜೀಪಿನ ಮೇಲಿನ ತೋಪಿನಿಂದ ಅವನ್ನು ಎದುರಿಸಿದ ಹವಾಲ್ದಾರ್ ಅಬ್ದುಲ್ ಹಮೀದರು ಅಲ್ಲಿಯೇ ಪ್ರಾಣವಿತ್ತು, ಮರಣೋತ್ತರವಾಗಿ ಪರಮವೀರ ಚಕ್ರಕ್ಕೆ ಪಾತ್ರರಾದರು. ಆ ಕಾಳಗದ ಗತಿಯನ್ನು ತಿರುಗಿಸಿದ ಕಾರಣಗಳಲ್ಲಿ ಕೆಸರೂ ಒಂದು. ಅದನ್ನು ಒರೆಸಿ ತೋರಿಸುವುದೇ ಸುಳ್ಳಾಗುತ್ತಿತ್ತು.

ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಯಲ್ಲಿ, 3.6 ಮೀಟರು ಅಗಲದ ಪ್ಯಾಟನ್ 10 ಸೆಂಟಿಮೀಟರಿಗೆ ಇಳಿಯುತ್ತದೆ. ಬಿಡಿಭಾಗಗಳನ್ನು ಕತ್ತರಿಸಿ, ಅಂಚುಗಳನ್ನು ಉಜ್ಜಿ, ಅಂಟಿಸಿ, ಮೂಲಬಣ್ಣ ಬಳಿದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ತೆಳುವಾದ ಕಂದುಬಣ್ಣವನ್ನು ಸಂದುಗಳಿಗೆ ಇಳಿಸಬೇಕು. ಬಣ್ಣ ಒರೆಸಿದ ಒಣಕುಂಚದಿಂದ ಅಂಚುಗಳನ್ನು ಸವರಬೇಕು. ಮಣ್ಣಿನ ಬಣ್ಣದ ಪುಡಿಯನ್ನು ಗಾಲಿಗಳಿಗೂ ಪಟ್ಟಿಗಳಿಗೂ ಹಚ್ಚಬೇಕು. ಇಲ್ಲಿ ಪ್ರತಿಯೊಂದು ಕಲೆಗೂ ಕಾರಣವಿರಬೇಕು. ಸೈನಿಕರು ಹತ್ತಿಳಿಯುವ ಕಡೆ ಬಣ್ಣ ಸವೆಯುತ್ತದೆ. ಗಾಲಿಯ ರಬ್ಬರಿಗೆ ಧೂಳು ಹಿಡಿಯುವುದೇ ಹೊರತು ತುಕ್ಕು ಹಿಡಿಯದು. ಮೂರು ದಿನಗಳ ಕಾಳಗದಲ್ಲಿ ಉಕ್ಕಿನ ಮೈಯೆಲ್ಲ ತುಕ್ಕಾಗದು. ಇದನ್ನರಿಯದೆ ಕೈಗೆ ಸಿಕ್ಕ ಕಡೆ ಬಳಿದರೆ ಅದು ಬರಿಯ ಕೊಳೆಯೇ ಸರಿ. ಅಂತಹುದಕ್ಕೆ ಅಂಕ ಕಳೆಯುವುದು ನ್ಯಾಯ.

ಶಾಲೆಯಲ್ಲಿ ಯುದ್ಧದ ಆಟಿಕೆಗಳೇಕೆ ಎಂದು ಕೆಲವು ಪೋಷಕರು ಕೇಳುತ್ತಾರೆ. ಅವರ ಆತಂಕ ಸಹಜವಾದುದು. ಆದರೆ ಯುದ್ಧವನ್ನು ಮೆರವಣಿಗೆಯೆಂದು ಭ್ರಮಿಸುವಂತೆ ಮಾಡುವುದು ಥಳಥಳಿಸುವ ಟ್ಯಾಂಕು. ನಮ್ಮ ಪುಣೆಗೆ ದೂರವಲ್ಲದ ಅಹಲ್ಯಾನಗರದಲ್ಲಿ, ಅಂದರೆ ಹಿಂದಿನ ಅಹಮದ್‌ನಗರದಲ್ಲಿ, 1994ರಲ್ಲಿ ತೆರೆದ ಟ್ಯಾಂಕುಗಳ ವಸ್ತುಸಂಗ್ರಹಾಲಯವಿದೆ. ಕಾಪಾಡುವ ಸಲುವಾಗಿ ಅಲ್ಲಿನ ಟ್ಯಾಂಕುಗಳಿಗೆ ಬಣ್ಣ ಬಳಿಯಲೇಬೇಕು. ಅಲ್ಲಿ ಮರೆಯಾದ ಕೆಸರನ್ನು ಮಾದರಿ ಮಾಡುವವನು ಮರಳಿ ತರಬಲ್ಲನು. ಅದನ್ನು ನೋಡುವಾಗ, ಹೂತುಹೋದ ಟ್ಯಾಂಕಿನೊಳಗೆ ನಾಲ್ವರು ಮನುಷ್ಯರಿದ್ದರೆಂಬುದೂ ನೆನಪಿಗೆ ಬರುತ್ತದೆ.

ಆದುದರಿಂದ ನನ್ನದೊಂದು ಸೂಚನೆ. ಮುಂದಿನ ಪ್ರದರ್ಶನದಲ್ಲಿ ಪ್ರತಿಯೊಂದು ಮಾದರಿಯ ಪಕ್ಕದಲ್ಲಿ ಅದು ಎಲ್ಲಿಯದು, ಯಾವ ದಿನದ್ದು, ಅದರ ಗುರುತುಗಳು ಹೇಗಾದವು ಎಂಬುದನ್ನು ಬರೆದ ಚೀಟಿಯಿರಲಿ. ಪರೀಕ್ಷಕರು ಮೊದಲು ಅದನ್ನು ಓದಿ, ಬಳಿಕ ಅಂಕ ಕೊಡಲಿ. ಹೋದ ವರ್ಷ ಅಂಥ ಚೀಟಿಯಿರಲಿಲ್ಲ, ನಿಜ. ಆದರೆ ಹುಡುಗನು ಬಾಯಾರೆ ಹೇಳಿದುದನ್ನೂ ನಾನು ಕೇಳಿಸಿಕೊಳ್ಳಲಿಲ್ಲ. ಕಳೆದ ಅಂಕಗಳನ್ನು ಈಗ ಹಿಂದಿರುಗಿಸಲಾರೆ. ತಪ್ಪನ್ನಾದರೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.