ಮರೆತುಹೋದ ಸ್ಥಿತೀಕರಣ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಹೇಳಲಾರದ ಶ್ರಾವಕರ ಮನೆ ವಿರಳ. ಔಷಧದಾನದ ಹೆಸರಿನಲ್ಲಿ ಬಸದಿಗಳ ಆಡಳಿತ ಮಂಡಳಿಗಳು ನೇತ್ರಚಿಕಿತ್ಸಾ ಶಿಬಿರಗಳನ್ನೂ ರಕ್ತದಾನ ಶಿಬಿರಗಳನ್ನೂ ನಡೆಸುತ್ತ ಬಂದಿವೆ. ಅವು ಶ್ಲಾಘ್ಯ ಕಾರ್ಯಗಳೇ ಸರಿ. ಆದರೆ ಈ ಶಿಬಿರಗಳ ಸರದಿಯಲ್ಲಿ ಒಂದು ಬಗೆಯ ರೋಗಿ ಮಾತ್ರ ಎಂದೂ ಕಾಣಿಸಿಕೊಳ್ಳುವುದಿಲ್ಲ. ಅವನ ಹೆಸರು ಕರಪತ್ರದಲ್ಲಿಲ್ಲ. ಅವನಿಗಾಗಿ ಯಾವ ದಾನಿಯೂ ಶಿಲಾಫಲಕವನ್ನು ಕೆತ್ತಿಸಿಲ್ಲ. ಅವನು ಮನೆಯ ಮಹಡಿಯ ಕೋಣೆಯಲ್ಲಿದ್ದಾನೆ. ಕೋಣೆಯ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಲಾಗಿದೆ.

ಮನಸ್ಸು ಕದಡಿದ ಮಗ, ಹೆರಿಗೆಯಾದ ಮೇಲೆ ಮಾತು ಬಿಟ್ಟು ಗೋಡೆ ನೋಡುತ್ತ ಕುಳಿತ ಸೊಸೆ, ಅಂಗಡಿ ಮುಚ್ಚಿದ ಮೇಲೆ ಗುಟ್ಟಾಗಿ ಕುಡಿದು ಹಿತ್ತಿಲ ಬಾಗಿಲಿನಿಂದ ಒಳಬರುವ ಯಜಮಾನ, ಇವರನ್ನು ಕುರಿತು ಸಮಾಜ ಒಂದು ಮೌನವನ್ನು ಕಟ್ಟಿಕೊಂಡಿದೆ. ಆ ಮೌನಕ್ಕೆ ಧರ್ಮದ ಹೆಸರನ್ನೂ ಕೊಟ್ಟಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ, ಸಾಧರ್ಮಿಯ ದೋಷವನ್ನು ಬಯಲಿಗೆಳೆಯದೆ ಮರೆಮಾಡುವುದೇ ಧರ್ಮವಲ್ಲವೇ ಎಂಬುದು ಈ ಮೌನದ ಸಮರ್ಥನೆ. ಈ ಸಮರ್ಥನೆ ಶಾಸ್ತ್ರಕ್ಕೂ ಒಪ್ಪುವುದಿಲ್ಲ, ಕರುಣೆಗೂ ಒಪ್ಪುವುದಿಲ್ಲ.

ಮೊದಲನೆಯದಾಗಿ, ರೋಗವು ದೋಷವಲ್ಲ. ಮಧುಮೇಹವನ್ನು ಯಾರೂ ಉಪಗೂಹನದ ಹೆಸರಿನಲ್ಲಿ ಬಚ್ಚಿಡುವುದಿಲ್ಲ. ಎರಡನೆಯದಾಗಿ, ಉಪಗೂಹನಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನೇ ಪೂರ್ತಿಯಾಗಿ ಓದಬೇಕು. ವ್ರತಿಯ ವೇಷದಲ್ಲಿ ಬಂದು ಬಿಂಬದ ಛತ್ರದ ರತ್ನವನ್ನು ಕದ್ದವನನ್ನು ಜನರೆದುರು ಆತ ಕಳ್ಳನೆನ್ನಲಿಲ್ಲ. ತನ್ನ ಮಾತಿನಂತೆಯೇ ರತ್ನವನ್ನು ತಂದನೆಂದು ಹೇಳಿ ಧರ್ಮದ ಹೆಸರನ್ನು ಕಾಪಾಡಿದನು. ಹಾಗೆಂದು ಆ ಕಪಟವನ್ನು ತನ್ನ ಮನೆಯೊಳಗೆ ಮುಂದುವರಿಯಲು ಬಿಡಲಿಲ್ಲ. ಮರೆಮಾಡುವುದು ಅಲ್ಲಿ ಮೊದಲ ಹೆಜ್ಜೆ ಮಾತ್ರ. ಆದ್ದರಿಂದಲೇ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನದ ಬೆನ್ನಿಗೇ ಸ್ಥಿತೀಕರಣ ಬರುತ್ತದೆ: ಜಾರುತ್ತಿರುವವನನ್ನು ಹಿಡಿದು ಮತ್ತೆ ನೆಲೆಗೊಳಿಸುವುದು. ಸಮಾಜ ಐದನೆಯ ಅಂಗವನ್ನು ಉಳಿಸಿಕೊಂಡು ಆರನೆಯದನ್ನು ಕೈಬಿಟ್ಟಿದೆ. ಸ್ಥಿತೀಕರಣವಿಲ್ಲದ ಉಪಗೂಹನ ರೋಗಿಯನ್ನು ಕಾಪಾಡುವುದಿಲ್ಲ. ಮನೆತನದ ಮರ್ಯಾದೆಯನ್ನು ಮಾತ್ರ ಕಾಪಾಡುತ್ತದೆ. ಒಬ್ಬನ ಯಾತನೆಯ ಬೆಲೆ ತೆತ್ತು ಇತರರ ಮರ್ಯಾದೆಯನ್ನು ಕೊಳ್ಳುವುದಕ್ಕೆ ಹಿಂಸೆಯೆಂಬ ಹೆಸರಲ್ಲದೆ ಬೇರೆ ಹೆಸರಿಲ್ಲ.

‘ಅಂತಹ ರೋಗಗಳು ಇತರರಲ್ಲಿ ಇರಬಹುದು, ಜೈನರ ಮನೆಗಳಲ್ಲಿಲ್ಲ’ ಎಂಬ ಮಾತು ಆಡಳಿತ ಮಂಡಳಿಗಳ ಸಭೆಗಳಲ್ಲಿ ಸುಲಭವಾಗಿ ಹೊರಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿತ್ತು. ಮದ್ಯವ್ಯಸನದಿಂದ ಬಳಲುವವರಲ್ಲಿ 100ಕ್ಕೆ 86 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಗಾಳಿ ಬಸದಿಯ ಪ್ರಾಕಾರದ ಹೊರಗೇ ನಿಲ್ಲುತ್ತದೆಯೆಂದು ನಂಬುವುದು ಅಮೂಢದೃಷ್ಟಿಯಲ್ಲ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸಿದ ಕುಲದಲ್ಲಿ ಕುಡಿತಕ್ಕೆ ಬಿದ್ದವನ ಪಾಡು ಇತರರಿಗಿಂತ ಕಠಿನ. ಇತರರು ಕುಡಿತವನ್ನು ಒಪ್ಪಿಕೊಂಡು ವೈದ್ಯರ ಬಳಿ ಹೋಗಬಲ್ಲರು. ಇವನಿಗೆ ಒಪ್ಪಿಕೊಳ್ಳುವುದೇ ಕುಲದಿಂದ ಹೊರಬೀಳುವುದಕ್ಕೆ ಸಮಾನವಾಗಿದೆ. ವ್ರತದ ಶ್ರೇಷ್ಠತೆಯೇ ಹೀಗೆ ಚಿಕಿತ್ಸೆಯ ದಾರಿಗೆ ಅಡ್ಡಲಾಗಿರುವುದು ವಿಷಾದಕರ.

ವ್ರತವನ್ನು ಕುರಿತು ಇನ್ನೊಂದು ಎಚ್ಚರಿಕೆಯ ಮಾತೂ ಅಗತ್ಯ. ಚಾತುರ್ಮಾಸದ ದಿನಗಳಲ್ಲಿ ಮನೆಯವರು ಕುಡುಕನನ್ನು ಬಲವಂತವಾಗಿ ಕರೆತಂದು, ಮುನಿಗಳ ಪಾದದ ಬಳಿ ಕುಳ್ಳಿರಿಸಿ, ‘ಇಂದಿನಿಂದ ಬಿಟ್ಟೆ’ ಎನ್ನಿಸುವುದುಂಟು. ಸಂಕಲ್ಪ ಪವಿತ್ರವಾದುದು. ಆದರೆ ವರ್ಷಗಟ್ಟಲೆ ಪ್ರತಿದಿನವೂ ಮಿತಿಮೀರಿ ಕುಡಿದ ದೇಹಕ್ಕೆ ಮದ್ಯ ಒಮ್ಮೆಗೇ ನಿಂತರೆ ಕೆಲವೇ ತಾಸುಗಳಲ್ಲಿ ಕೈಕಾಲು ನಡುಗತೊಡಗುತ್ತವೆ. ಬೆವರು ಹರಿಯುತ್ತದೆ, ನಿದ್ರೆ ಹತ್ತುವುದಿಲ್ಲ. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತೆ ಸೆಳವು ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರು ಇಲ್ಲದುದನ್ನು ಕಂಡು ಬೆದರುತ್ತಾರೆ, ದಿಕ್ಕುಗೆಟ್ಟು ಸನ್ನಿಗೆ ಒಳಗಾಗುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗಬಹುದು. ಇದು ಸಂಕಲ್ಪದ ಸೋಲಲ್ಲ, ನರಮಂಡಲದ ಕ್ಷೋಭೆ. ಕೆಲವು ದಿನಗಳ ಮಟ್ಟಿಗೆ ಕೊಟ್ಟು ಕ್ರಮೇಣ ಇಳಿಸುವ ಶಾಮಕ ಔಷಧಿ, ಥಯಾಮಿನ್ ಎಂಬ ಜೀವಸತ್ವ, ವೈದ್ಯರ ನಿಗಾ, ಇಷ್ಟಿದ್ದರೆ ಬಹುಮಟ್ಟಿಗೆ ತಡೆಯಬಹುದಾದ ಅಪಾಯ ಇದು. ಲಕ್ಷಣಗಳು ಸೌಮ್ಯವಾಗಿದ್ದವರು ಮನೆಯಲ್ಲಿದ್ದುಕೊಂಡೇ ಹೊರರೋಗಿಯಾಗಿ ಈ ಚಿಕಿತ್ಸೆ ಪಡೆಯಬಲ್ಲರು. ಹಿಂದೆ ಸೆಳವು ಬಂದವರು, ಸನ್ನಿಯ ಸುಳಿವಿದ್ದವರು ಆಸ್ಪತ್ರೆ ಸೇರಲೇಬೇಕು. ವೈದ್ಯನಿಲ್ಲದೆ ಪ್ರತಿಜ್ಞೆಯನ್ನಷ್ಟೇ ಮಾಡಿಸಿ ಮನೆಗೆ ಕಳುಹಿಸುವವರು ತಮಗರಿಯದಂತೆಯೇ ಒಂದು ಜೀವವನ್ನು ಪಣಕ್ಕೊಡ್ಡುತ್ತಾರೆ.

‘ಇದು ಅವನ ಕರ್ಮ, ಅನುಭವಿಸಿಯೇ ತೀರಬೇಕು’ ಎಂಬುದು ಮತ್ತೊಂದು ವಾದ. ಅಸಾತಾವೇದನೀಯದ ಉದಯವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಕಣ್ಣಿನ ಪೊರೆಯೂ ಅದೇ ಕರ್ಮದ ಉದಯವಲ್ಲವೇ? ಅದಕ್ಕೆ ಶಿಬಿರ ನಡೆಸುವಾಗ ಏಳದ ಕರ್ಮಸಿದ್ಧಾಂತ ಚಿತ್ತದ ರೋಗದ ಮುಂದೆ ಮಾತ್ರ ಏಕೆ ಏಳಬೇಕು? ತತ್ತ್ವಾರ್ಥಸೂತ್ರವು ವೈಯಾವೃತ್ತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಸೇರಿಸಿದೆ. ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನನ್ನು, ಅಂದರೆ ರೋಗಪೀಡಿತನನ್ನು, ಹೆಸರಿಸಿ ಹೇಳಿದೆ. ಸರ್ವಸಂಗಪರಿತ್ಯಾಗಿಗಳಿಗೇ ರೋಗಿಯ ಸೇವೆ ತಪಸ್ಸಾದರೆ ಗೃಹಸ್ಥರಿಗೆ ಅದು ಹೇಗೆ ಬೇಡವಾದೀತು? ವಾಂತಿಯಿಂದ ತನ್ನ ಮೈ ಹೊಲಸಾದರೂ ಹೇಸದೆ ರೋಗಿಯನ್ನು ತೊಳೆದು ಉಪಚರಿಸಿದ ಉದ್ದಾಯನ ಮಹಾರಾಜನನ್ನು ನಿರ್ವಿಚಿಕಿತ್ಸೆಗೆ ಮಾದರಿಯೆಂದು ಪ್ರವಚನಗಳಲ್ಲಿ ಕೊಂಡಾಡುವ ಸಮಾಜ, ತನ್ನದೇ ನೆರೆಮನೆಯ ಚಿತ್ತರೋಗಿಯನ್ನು ಕಂಡು ರಸ್ತೆಯ ಆಚೆ ಬದಿಗೆ ಸರಿಯುತ್ತಿದೆ.

ವೈದ್ಯವು ಧರ್ಮಕ್ಕೆ ಹೊರಗಿನದೆಂದು ಈ ನಾಡಿನ ಪೂರ್ವಸೂರಿಗಳು ಎಂದೂ ತಿಳಿದಿರಲಿಲ್ಲ. ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆ ಹೇಳುವ ಕಲ್ಯಾಣಕಾರಕವನ್ನು ಸಂಸ್ಕೃತದಲ್ಲಿ ರಚಿಸಿದರು. ಜಗದ್ದಳ ಸೋಮನಾಥನು ಕನ್ನಡದಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನೂ, ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತ ಖಗೇಂದ್ರಮಣಿದರ್ಪಣವನ್ನೂ, ಕೀರ್ತಿವರ್ಮನು ಗೋವೈದ್ಯವನ್ನೂ ಬರೆದರು. ಮೂಕಪಶುವಿನ ನೋವಿಗೂ ಮದ್ದು ಹುಡುಕಿದ ಪರಂಪರೆ ಅದು. ಅದರ ವಾರಸುದಾರರು ಮಾತು ಬಲ್ಲ ಮನುಷ್ಯನ ಮನಸ್ಸಿನ ನೋವಿಗೆ ಬೀಗ ಹಾಕಿ ಕುಳಿತಿದ್ದಾರೆ.

ಮನೋರೋಗವೆಂದರೆ ದೂರದ ಊರಿನ ಎತ್ತರದ ಗೋಡೆಗಳ ಆಸ್ಪತ್ರೆ ಎಂಬ ಭಯವೇ ಬಹುಮಂದಿಯ ಮೌನಕ್ಕೆ ಕಾರಣ. ಈ ಭಯ ನಿರಾಧಾರವೆಂದು ತೋರಿಸಿಕೊಟ್ಟ ನಾಡು ಕರ್ನಾಟಕವೇ. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನ ತಜ್ಞರು ಬೆಂಗಳೂರಿನ ಸಮೀಪದ ಸಕಲವಾರವನ್ನು ಕೇಂದ್ರವಾಗಿಸಿಕೊಂಡು, ಹಳ್ಳಿಯ ರೋಗಿಗೆ ಹಳ್ಳಿಯ ಆಸುಪಾಸಿನಲ್ಲಿಯೇ ಚಿಕಿತ್ಸೆ ಸಾಧ್ಯವೇ ಎಂದು ಪರೀಕ್ಷಿಸಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಅಲ್ಲಲ್ಲಿಯೇ ಔಷಧಿ ಸಿಗುವಂತೆ ಮಾಡಲಾಯಿತು. ಈ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಅವರವರ ಮನೆಗಳಲ್ಲಿಯೇ ಇರಿಸಿ, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡಾಗ, ಔಷಧಿ ಪಡೆದವರು ಪಡೆಯದವರಿಗಿಂತ ದಿನನಿತ್ಯದ ಬದುಕಿನಲ್ಲಿ ಹೆಚ್ಚು ಸಮರ್ಥರಾಗಿರುವುದು ಕಂಡುಬಂತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ದ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ವ್ಯವಸ್ಥೆ ಮಾಡಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಸಲಹೆ ದೊರೆಯುತ್ತದೆ. ದಾರಿಯಿದೆ, ನಡೆಸಿಕೊಂಡು ಹೋಗುವ ಕೈಯಿಲ್ಲ.

ಆ ಕೈಯಾಗಬೇಕಾದುದು ಬಸದಿ. ಧರ್ಮಸಂಸ್ಥೆಯಿಂದ ಇದು ಆಗುವ ಕೆಲಸವೇ ಎಂದು ಕೇಳುವವರು ಧರ್ಮಸ್ಥಳದ ಕಡೆ ನೋಡಬಹುದು. ಜೈನ ಮನೆತನದ ಹೆಗ್ಗಡೆಯವರ ನೇತೃತ್ವದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಹಳ್ಳಿಗಳಲ್ಲಿಯೇ ಮದ್ಯವರ್ಜನ ಶಿಬಿರಗಳು ನಡೆದು, ಕುಡಿತ ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳು ಏರ್ಪಟ್ಟವು. ತಮಿಳುನಾಡಿನ ಮಂಜಕ್ಕುಡಿ ಗ್ರಾಮದಲ್ಲಿಯೂ 1989ರಿಂದ ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನವು ಊರವರ ನೆರವಿನಿಂದ ಇಂತಹ ಶಿಬಿರಗಳನ್ನು ನಡೆಸಿತು. ಇವು ಕಲಿಸುವ ಪಾಠ ಒಂದೇ: ಶಿಬಿರ ಮುಗಿದ ದಿನ ಕೆಲಸ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಛಾಯಾಚಿತ್ರ ತೆಗೆಸಿಕೊಂಡು ಮರುದಿನ ಮರೆಯುವ ಒಂದು ದಿನದ ಶಿಬಿರದಿಂದ ಈ ರೋಗಗಳಿಗೆ ಏನೂ ಆಗುವುದಿಲ್ಲ.

ಮನೆಗಳಲ್ಲಿ ಕೇಳಿಬರುವ ಶಂಕೆಗಳು ಹಲವು. ಅವನ್ನು ಅಲ್ಲಗಳೆಯದೆ ಉತ್ತರಿಸಬೇಕು. ಕ್ಯಾಪ್ಸೂಲಿನ ಹೊರಕವಚದಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆಂಬ ಆಕ್ಷೇಪ ನಿಜವಾದುದೇ. ಆದರೆ ಈ ರೋಗಗಳ ಅನೇಕ ಔಷಧಿಗಳು ಮಾತ್ರೆಯ ರೂಪದಲ್ಲಿಯೂ ದೊರೆಯುತ್ತವೆ, ವೈದ್ಯರನ್ನು ಕೇಳಬೇಕಷ್ಟೆ. ರಾತ್ರಿಭೋಜನ ತ್ಯಾಗವಿರುವವರು ಅದನ್ನು ಮೊದಲೇ ತಿಳಿಸಿದರೆ ಸೂರ್ಯಾಸ್ತಕ್ಕೆ ಮುಂಚಿನ ಹೊತ್ತಿಗೆ ಹೊಂದಿಸಲು ಆಗುವುದೇ ಎಂದು ವೈದ್ಯರು ನೋಡಬಲ್ಲರು. ಪರ್ಯೂಷಣದ ಉಪವಾಸದ ವಿಚಾರದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಲಿಥಿಯಂ ಸೇವಿಸುವವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ದೇಹದ ನೀರಿನಂಶ ಕುಗ್ಗಿ ಅದೇ ಔಷಧಿ ವಿಷವಾಗಬಹುದು. ಇಂತಹವರಿಗೆ ಶಕ್ತ್ಯನುಸಾರ ತಪವೆಂಬ ಮಾತು ಅನ್ವಯಿಸುತ್ತದೆಂದು ಹಿರಿಯರೂ ವ್ರತಿಗಳೂ ಬಾಯಿಬಿಟ್ಟು ಹೇಳಬೇಕು. ಯಕ್ಷಿಯರ ಸನ್ನಿಧಿಗೆ ಹರಕೆ ಹೊತ್ತು ಹೋಗುವವರನ್ನು ತಡೆಯಬೇಕಾಗಿಲ್ಲ. ಹರಕೆಯ ಹೆಸರಿನಲ್ಲಿ ಮಾತ್ರೆಯನ್ನು ನಿಲ್ಲಿಸದಿದ್ದರೆ ಸಾಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹತ್ತಿದಾಗ ಸರಪಳಿಯಿಂದ ಬಿಗಿಯಲ್ಪಟ್ಟಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅದು ಯಾವುದೋ ಒಂದು ಮತದ ತಪ್ಪಲ್ಲ. ರೋಗಿಯನ್ನು ದೇವರ ಹೆಸರಿನಲ್ಲಿ ಬಿಟ್ಟುಬಂದು ಕೈತೊಳೆದುಕೊಂಡ ಎಲ್ಲ ಮನೆಗಳ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ರೋಗಿಯ ವಿಷಯವನ್ನು ಗೌಪ್ಯವಾಗಿಡುವುದನ್ನು ಅವನ ಹಕ್ಕಾಗಿಸಿದೆ.

ಕೊನೆಗೆ ಉಳಿಯುವುದು ‘ಊರಿಗೆ ತಿಳಿದರೆ ಮಗಳ ಮದುವೆ ಹೇಗೆ’ ಎಂಬ ಭಯ. ಈ ಭಯವನ್ನು ಹುಟ್ಟಿಸಿದ ಸಮಾಜವೇ ಅದನ್ನು ನೀಗಬೇಕು. ಬಸದಿಯ ಧರ್ಮಶಾಲೆಯಲ್ಲಿ ಒಂದು ಕೋಣೆ. ಹದಿನೈದು ದಿನಕ್ಕೊಮ್ಮೆ ಬರುವ ಮನೋವೈದ್ಯರು ಮತ್ತು ಆಪ್ತಸಲಹೆಗಾರರು. ಬಡವರಿಗೆ ಔಷಧಿಯ ವೆಚ್ಚ. ಬಾರದೆ ಉಳಿದವರ ಮನೆಗೆ ಹೋಗಿ ವಿಚಾರಿಸುವ, ಬಾಯಿ ಬಿಗಿಹಿಡಿಯಬಲ್ಲ ಇಬ್ಬರು ಶ್ರಾವಕ-ಶ್ರಾವಿಕೆಯರು. ಕುಡಿತ ಬಿಟ್ಟವರು ವಾರಕ್ಕೊಮ್ಮೆ ಕಲೆಯಲು ಒಂದು ಜಗಲಿ. ಬೇಕಾದುದು ಇಷ್ಟೇ. ಬಾಗಿಲಿಗೆ ‘ಮನೋರೋಗ ವಿಭಾಗ’ವೆಂಬ ಫಲಕ ಬೇಡ, ರಕ್ತದೊತ್ತಡ, ಮಧುಮೇಹಗಳ ತಪಾಸಣೆಯೂ ಅಲ್ಲಿಯೇ ನಡೆದರೆ ಯಾರು ಯಾವುದಕ್ಕೆ ಬಂದರೆಂದು ಯಾರೂ ಕೇಳುವುದಿಲ್ಲ. ಉಪಗೂಹನದ ನಿಜವಾದ ಜಾಗ ಇದು. ಜಾತಿ ಮತಗಳ ಭೇದವಿಲ್ಲದೆ ಊರಿನ ಎಲ್ಲರಿಗೂ ಆ ಬಾಗಿಲು ತೆರೆದಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ, ಅಭಯದಾನಕ್ಕೆ ಗೋತ್ರವಿಲ್ಲ. ಪಂಚಕಲ್ಯಾಣ ಮಹೋತ್ಸವಗಳಿಗೆ ಹಣ ಕೂಡಿಸಬಲ್ಲ ಮಂಡಳಿಗಳಿಗೆ ಇದರ ಖರ್ಚು ಭಾರವಾಗಲಾರದು. ಭಾರವಾಗಿರುವುದು ಒಪ್ಪಿಕೊಳ್ಳುವುದು.

ಸ್ಥಿತೀಕರಣಕ್ಕೆ ದೃಷ್ಟಾಂತವಾದವನು ವಾರಿಷೇಣ. ಅವನ ಗೆಳೆಯ ಪುಷ್ಪಡಾಲನು ದೀಕ್ಷೆ ಪಡೆದು ಹನ್ನೆರಡು ವರ್ಷ ಕಳೆದರೂ ಹೆಂಡತಿಯನ್ನು ಮರೆಯಲಾರದೆ ಹೋದನು. ವಾರಿಷೇಣನು ಅವನನ್ನು ಬೈಯಲಿಲ್ಲ, ಸಂಘದಿಂದ ಹೊರಹಾಕಲಿಲ್ಲ, ಅವನ ಸಂಕಟವನ್ನು ಕಾಣದವನಂತೆ ನಟಿಸಲೂ ಇಲ್ಲ. ಅವನನ್ನು ಜೊತೆಯಲ್ಲಿ ಕರೆದುಕೊಂಡು ತನ್ನ ಅರಮನೆಗೇ ನಡೆದನು. ತಾನು ತೊರೆದುಬಂದುದೆಲ್ಲವನ್ನೂ ಅವನ ಕಣ್ಣ ಮುಂದಿರಿಸಿ ಅವನ ಚಿತ್ತವನ್ನು ನೆಲೆಗೆ ತಂದನು. ಹನ್ನೆರಡು ವರ್ಷಗಳ ತಾಳ್ಮೆ, ಜೊತೆಗೆ ನಡೆದ ಹೆಜ್ಜೆಗಳು: ಸ್ಥಿತೀಕರಣವೆಂದರೆ ಇಷ್ಟು. ಮಹಡಿಯ ಕೋಣೆಯಲ್ಲಿ ಕುಳಿತವನು ಕಾಯುತ್ತಿರುವುದೂ ಇದನ್ನೇ. ಬರುವ ಚಾತುರ್ಮಾಸದೊಳಗೆ ಯಾವ ಬಸದಿಯ ಆಡಳಿತ ಮಂಡಳಿ ಆ ಅಗುಳಿಯನ್ನು ತೆಗೆಯಲು ಮುಂದಾಗುವುದೋ, ಆ ಬಸದಿಯ ಗೋಡೆಯ ಮೇಲಿನ ‘ಔಷಧದಾನ’ವೆಂಬ ಅಕ್ಷರಗಳು ಅಂದು ಸಾರ್ಥಕವಾದಾವು.