ಹಗೇವಿಲ್ಲದ ಸುಗ್ಗಿ

2012ನೆಯ ಜುಲೈ 30, 31ನೆಯ ತಾರೀಖುಗಳಲ್ಲಿ ಉತ್ತರ, ಪೂರ್ವ ಪ್ರಾಂತಗಳ ವಿದ್ಯುಜ್ಜಾಲಗಳು ಕುಸಿದಾಗ ದಕ್ಷಿಣದ ಜಾಲವು ಉಳಿದುಕೊಂಡಿತು. ಆಗ ಅದು ಉಳಿದವುಗಳೊಡನೆ ಒಂದೇ ಲಯದಲ್ಲಿ ಬೆಸೆದುಕೊಳ್ಳದೆ ದ್ವೀಪದಂತಿದ್ದಿತು. 2013ನೆಯ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ತಂತಿಮಾರ್ಗವು ಆ ದ್ವೀಪವನ್ನು ಅಖಿಲ ಭಾರತದೊಡನೆ ಕೂಡಿಸಿತು. ನೆರವು ದೊರೆಯಿತು, ಹೊಣೆಯು ತಪ್ಪಲಿಲ್ಲ.

ಉತ್ಪತ್ತಿಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿತೂಗಿದರೆ ಮಾತ್ರ ಜಾಲದ ಲಯವು ಸೆಕೆಂಡಿಗೆ 50 ಆವರ್ತನಗಳಲ್ಲಿ ನಿಲ್ಲುವುದು. ಎಲ್ಲಿಯಾದರೂ ಒಂದು ಯಂತ್ರವು ಹಠಾತ್ತನೆ ನಿಂತರೆ, ನಮ್ಮ ಕುಡತಿನಿಯ 1,700 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರದಂಥವುಗಳ ಭಾರವಾದ ಚಕ್ರಗಳು ತಮ್ಮ ಓಟದ ಬಲದಿಂದಲೇ ಆ ಪೆಟ್ಟನ್ನು ಕೆಲವು ಕ್ಷಣ ತಾಳಿಕೊಳ್ಳುವವು. ಪಾವಗಡದ 2,050 ಮೆಗಾವ್ಯಾಟಿನ ಸೌರಫಲಕಗಳಲ್ಲಿ ಅಂಥ ಚಕ್ರವಿಲ್ಲ. ಮೇಲಾಗಿ ಸೂರ್ಯನು ಮುಳುಗುವ ಹೊತ್ತಿಗೇ ಊರ ದೀಪಗಳು ಹತ್ತುವವು.

ಇದರಿಂದ ಸೌರವಿದ್ಯುತ್ತು ಬೇಡವೆಂಬುದು ನಮ್ಮ ಮತವಲ್ಲ. ಕಲ್ಲಿದ್ದಲಿನ ಹೊಗೆಯನ್ನು ಉಂಡವರು ನಾವೇ. ಸಿರುಗುಪ್ಪ, ಕುರುಗೋಡುಗಳ ಪಂಪುಸೆಟ್ಟುಗಳಿಗೆ ವಿದ್ಯುತ್ತು ಹಗಲಿನಲ್ಲಿಯೇ ಬರಲಿ. ರೈತನು ನಡುರಾತ್ರಿಯಲ್ಲಿ ಹಾವುಚೇಳುಗಳ ನಡುವೆ ನೀರು ಕಟ್ಟುವ ಕಷ್ಟವೂ ತಪ್ಪಲಿ. ಮಿಕ್ಕ ವಿದ್ಯುತ್ತನ್ನು ಬ್ಯಾಟರಿಗಳಲ್ಲಿಯೂ, ಹಗಲು ಮೇಲಿನ ಜಲಾಶಯಕ್ಕೆ ನೀರೆತ್ತಿ ಸಂಜೆ ಇಳಿಸುವ ಸ್ಥಾವರಗಳಲ್ಲಿಯೂ ಕೂಡಿಡಲಿ. ಅಷ್ಟು ಸಿದ್ಧವಾಗುವವರೆಗೆ ಕುಡತಿನಿಯ ಯಂತ್ರಗಳು ಹಗಲು ತಗ್ಗಿ ಸಂಜೆ ಏರುವಂತೆ ಪಳಗಲಿ.

ಸುಗ್ಗಿ ಬಂದ ಮೇಲೆ ಹಗೇವು ತೋಡುವವನನ್ನು ಈ ಸೀಮೆಯವರು ಜಾಣನೆನ್ನರು. ಹೊಸ ಸೌರಸ್ಥಾವರಕ್ಕೆ ಮಂಜೂರಾತಿ ನೀಡುವ ಅಧಿಕಾರಿಗಳು “ಹಗೇವು ಎಲ್ಲಿ?” ಎಂದು ಮೊದಲು ಕೇಳಬೇಕೆಂಬುದೇ ನಮ್ಮ ಆಗ್ರಹವು.