ಊರೂರು ಕೂಡಿ ಕೈಬಿಡಬೇಕಾದ ಪದ್ಧತಿ

2024ರ ಜುಲೈನಲ್ಲಿ ಗ್ಯಾಂಬಿಯಾದ ಸಂಸತ್ತು ಒಂದು ದೊಡ್ಡ ಅನಾಹುತವನ್ನು ತಪ್ಪಿಸಿತು. ಸ್ತ್ರೀ ಜನನಾಂಗ ಛೇದನವನ್ನು 2015ರಲ್ಲಿ ನಿಷೇಧಿಸಿದ್ದ ಕಾನೂನನ್ನೇ ಕಿತ್ತುಹಾಕುವ ಮಸೂದೆ ಅಲ್ಲಿ ಬಿದ್ದುಹೋಯಿತು. ನಾಲ್ಕು ತಿಂಗಳ ಹಿಂದಷ್ಟೇ 42 ಸದಸ್ಯರು ಅದನ್ನು ಮುಂದಿನ ಹಂತಕ್ಕೆ ಕಳಿಸಲು ಒಪ್ಪಿದ್ದರು. ಬೇಡವೆಂದವರು ನಾಲ್ವರು ಮಾತ್ರ.

ಕಾನೂನೇನೋ ಉಳಿಯಿತು. ಆದರೆ 15ರಿಂದ 49 ವರ್ಷದೊಳಗಿನ ಗ್ಯಾಂಬಿಯಾ ಮಹಿಳೆಯರಲ್ಲಿ ನೂರಕ್ಕೆ 73 ಮಂದಿ ಛೇದನಕ್ಕೆ ಒಳಗಾದವರು. 2023ರಲ್ಲಿ ಮೊದಲ ಬಾರಿಗೆ ಛೇದನದ ಅಪರಾಧಕ್ಕಾಗಿ ಮೂವರು ಮಹಿಳೆಯರಿಗೆ ನ್ಯಾಯಾಲಯ ದಂಡ ಹಾಕಿದಾಗ ಇಮಾಮರೊಬ್ಬರು ಮುಂದೆ ನಿಂತು ಅದನ್ನು ಕಟ್ಟಿದರು. 2025ರ ಆಗಸ್ಟ್‌ನಲ್ಲಿ, ನಿಷೇಧ ಜಾರಿಯಲ್ಲಿದ್ದಾಗಲೇ, ಒಂದು ತಿಂಗಳ ಹೆಣ್ಣು ಹಸುಳೆ ಛೇದನದ ನಂತರ ಸತ್ತಿತು.

ಇದನ್ನು ಕಟುಕ ತಾಯಂದಿರ ಕೆಲಸವೆಂದು ತಳ್ಳಿಹಾಕಲಾಗದು. ಛೇದನವಾಗದ ಹುಡುಗಿಗೆ ಗಂಡು ಸಿಗುವುದಿಲ್ಲ, ಅವಳ ಕೈಯಡುಗೆಯನ್ನು ಜನ ಮುಟ್ಟುವುದಿಲ್ಲ ಎಂಬ ಭಯವೇ ಅವರನ್ನು ಬ್ಲೇಡ್ ಹಿಡಿದವಳ ಬಳಿಗೆ ಕಳಿಸುತ್ತದೆ. ನೋವು, ರಕ್ತಸ್ರಾವ, ಹೆರಿಗೆಯ ಗಂಡಾಂತರಗಳನ್ನು ಅವರೇ ಉಂಡಿದ್ದಾರೆ. ಆದರೂ ಒಂದೇ ಮನೆಯವರು ನಿಲ್ಲಿಸಿದರೆ ಅದರ ಬೆಲೆ ತೆರುವವಳು ಆ ಮನೆಯ ಮಗಳು.

ಗ್ಯಾಂಬಿಯಾವನ್ನು ಮೂರು ಕಡೆಯಿಂದ ಸುತ್ತುವರಿದಿರುವ ಸೆನೆಗಲ್ ಈ ಗಂಟು ಬಿಡಿಸುವ ದಾರಿ ತೋರಿಸಿದೆ. 1997ರಲ್ಲಿ ಮಲಿಕುಂಡಾ ಬಂಬಾರಾ ಎಂಬ ಹಳ್ಳಿಯ ಮಹಿಳೆಯರು, ತೋಸ್ತಾನ್ ಸಂಸ್ಥೆಯ ತರಗತಿಗಳಲ್ಲಿ ಆರೋಗ್ಯ ಮತ್ತು ಹಕ್ಕುಗಳ ಬಗ್ಗೆ ಕಲಿತು, ಇನ್ನು ಮುಂದೆ ಛೇದನ ಮಾಡಿಸುವುದಿಲ್ಲವೆಂದು ಬಹಿರಂಗವಾಗಿ ಸಾರಿದರು. ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಒಪ್ಪದೆ ಒಂದು ಊರು ಇದನ್ನು ಬಿಡಲಾಗದೆಂದು ಇಮಾಮ್ ದೆಂಬಾ ದಿಯಾವಾರಾ ಮನಗಂಡರು. ನೆಂಟರಿದ್ದ ಹಳ್ಳಿಗಳಿಗೆಲ್ಲ ನಡೆದು ಹೋಗಿ ಮಾತಾಡಿಸಿದರು. ಮರುವರ್ಷ ದಿಯಾಬುಗು ಎಂಬಲ್ಲಿ 13 ಹಳ್ಳಿಗಳು ಒಟ್ಟಾಗಿ ಪದ್ಧತಿಯನ್ನು ಕೈಬಿಟ್ಟವು. ದೇಶದ ಕಾನೂನು ಬಂದದ್ದು ಆಮೇಲೆ, 1999ರಲ್ಲಿ.

ಕೀನ್ಯಾದಲ್ಲೂ ಗಾಳಿ ತಿರುಗಿದೆ: 1998ರಲ್ಲಿ ನೂರಕ್ಕೆ 38 ಇದ್ದ ಪ್ರಮಾಣ 2022ರಲ್ಲಿ 15ಕ್ಕೆ ಇಳಿಯಿತು. ಆದರೆ ಅಲ್ಲಿನ ಸೊಮಾಲಿ ಸಮುದಾಯದಲ್ಲಿ ಛೇದನದಿಂದ ತಪ್ಪಿಸಿಕೊಂಡವರು ಇಂದಿಗೂ ವಿರಳ. ಇಡೀ ಆಫ್ರಿಕಾಕ್ಕೆ ಒಂದೇ ಮದ್ದು ಸಾಲದು. ಪ್ರತಿ ಸಮುದಾಯದ ಜೊತೆಗೂ ಅದರದೇ ಭಾಷೆಯಲ್ಲಿ, ಅದರದೇ ಹಿರಿಯರ ಮೂಲಕ ಮಾತಾಡಬೇಕು.

ಬೇಡವೆನ್ನುವ ತಾಯಿಗೆ ಕಾನೂನು ಆಸರೆ. ಹಾಗಾಗಿ ಗ್ಯಾಂಬಿಯಾ ಅದನ್ನು ಎಳ್ಳಷ್ಟೂ ಸಡಿಲಿಸಬಾರದು. ಅದರ ಜೊತೆಗೇ ಊರ ಸಭೆಗಳಿಗೆ ಹಣ ಕೊಡಬೇಕು, ಛೇದನವನ್ನೇ ಕಸುಬಾಗಿಸಿಕೊಂಡವರಿಗೆ ಬೇರೆ ದುಡಿಮೆ ಒದಗಿಸಬೇಕು, ಛೇದನ ಧರ್ಮದ ಅಪ್ಪಣೆಯಲ್ಲವೆನ್ನುವ ಇಮಾಮರನ್ನು ಮುಂದೆ ತರಬೇಕು. ಗಡಿಯಾಚೆ ಸೆನೆಗಲ್‌ನಲ್ಲಿರುವ ನೆಂಟರನ್ನೂ ಆ ಸಭೆಗಳಿಗೆ ಕರೆಯಬೇಕು.